ತುಳಸಿ ಬಿದ್ದ ಪುಟ

ವಾರವೆಲ್ಲ ಗಾಡಿ, ಮೂಟೆ, ಕೂಗಾಟಗಳಿಂದ ಕಿವಿಗಡಚಿಕ್ಕುತ್ತಿದ್ದ ಮದರಾಸಿನ ಪ್ಯಾರೀಸ್ ಕಾರ್ನರು ಭಾನುವಾರ ಮಧ್ಯಾಹ್ನ ಸದ್ದಡಗಿ ಮಲಗುತ್ತಿತ್ತು. ಸಗಟು ಅಂಗಡಿಗಳಿಗೆ ಬೀಗ ಬಿದ್ದ ಮೇಲೆ ಹೋಟೆಲಿನ ಮಹಡಿಯನ್ನೇರಿ ಬರುವ ಗಿರಾಕಿಗಳು ಯಾರು? ಹೋಟೆಲಿನ ಯಜಮಾನರಾದ ಕಿಟ್ಟಣ್ಣನವರು ಮೇಜುಗಳನ್ನು ಗೋಡೆಗೆ ಒತ್ತರಿಸಿ, ಚಾಪೆ ಹಾಸಿಸಿ, ಆ ಹಜಾರವನ್ನು ಕಾವ್ಯದ ಓದಿಗೆ ಬಿಟ್ಟುಕೊಟ್ಟಿದ್ದರು. ಕುಂದಾಪುರದ ಕಡೆಯಿಂದ ಹರೆಯದಲ್ಲಿ ಬಂದು ಮದರಾಸಿನಲ್ಲಿ ಬೇರೂರಿದ ಅವರು ತಾವು ಓದಿದವರಲ್ಲವೆಂದು ಹೇಳಿಕೊಳ್ಳಲು ಹಿಂಜರಿಯುತ್ತಿರಲಿಲ್ಲ. ಮಹಡಿಯ ಮೇಲಿಂದ ಕನ್ನಡದ ದನಿ ಇಳಿದು ಬರುತ್ತಿದ್ದರೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ತಮಗೆ ಊರಿನಲ್ಲಿದ್ದಂತೆ ಅನಿಸುವುದೆಂದು ಮಾತ್ರ ಹೇಳುತ್ತಿದ್ದರು.

ಓದಿಸುವವರು ಪಂಢರಿನಾಥರಾಯರು. ಅದೇ ಊರಿನ ತಿರುವಲ್ಲಿಕ್ಕೇಣಿಯಲ್ಲಿ ತಲೆಮಾರುಗಳಿಂದ ನೆಲೆಸಿದ ಮನೆತನ. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಎಷ್ಟು ಹೊತ್ತು ಕುಳಿತರೂ ಅವರ ಬೆನ್ನು ಗೋಡೆಯನ್ನು ಮುಟ್ಟಿದ್ದನ್ನು ಕಂಡವರಿಲ್ಲ. ಮುಂದಿನ ವ್ಯಾಸಪೀಠದ ಮೇಲೆ ಯಾವಾಗಲೂ ಒಂದೇ ಪುಸ್ತಕ: ರಾಜ್ಯ ಕಳೆದುಕೊಂಡ ಅರಸನೊಬ್ಬನ ಕಥೆಯನ್ನು ಹೇಳುವ ಹಳೆಯ ಷಟ್ಪದಿ ಕಾವ್ಯ. ರಾಯರು ಅದರ ಹೆಸರನ್ನೆತ್ತುತ್ತಿರಲಿಲ್ಲ. ‘ಗ್ರಂಥ’ ಎಂದಷ್ಟೇ ಅನ್ನುತ್ತಿದ್ದರು.

ಹೊಸಬರ ವಿಷಯದಲ್ಲಿ ಅವರದು ಒಂದೇ ಕ್ರಮ. ಮೊದಲು ಕಿವಿ, ಆಮೇಲೆ ನಾಲಗೆ, ಕಟ್ಟಕಡೆಗೆ ಬುದ್ಧಿ. ಪದ್ಯವನ್ನು ಅವರು ರಾಗವಾಗಿ ಓದುವರು. ಹೊಸಬರು ಅದನ್ನು ಮತ್ತೆ ಮತ್ತೆ ಹೇಳಿ ಬಾಯಿಪಾಠ ಮಾಡುವರು. ಸಂಧಿಯೊಂದು ಪೂರ್ತಿಯಾಗಿ ಬಾಯಿಗೆ ಬಂದ ಮೇಲೆ ರಾಯರು ಪ್ರತಿಪದಾರ್ಥ ಹೇಳುವರು. ನಡುವೆ ಪ್ರಶ್ನೆಗೆ ಎಡೆಯಿಲ್ಲ. ಪೀಠದ ಮುಂದೆ ಕುಳಿತು ಓದುವವರು ಒಂದು ಪದವನ್ನೂ ಬಿಡದೆ ಅರ್ಥ ಹೇಳಬೇಕು. ‘ತಿಳಿಯದು’ ಎಂಬ ಮಾತು ಅಲ್ಲಿ ಬರಕೂಡದು. ಬಂದಿತೆಂದರೆ, ಆಡಿದವರು ಎದ್ದು ಕೇಳುವವರ ಚಾಪೆಗೆ ಹೋಗಬೇಕು. ಮತ್ತೆ ಪೀಠದ ಮುಂದೆ ಕೂರುವಂತಿಲ್ಲ.

ಆದ್ದರಿಂದ ಹೊಸಬರು ಬರುತ್ತಿದ್ದರು, ಹೋಗುತ್ತಿದ್ದರು. ಕೆಳಗೆ ಬಿಲ್ಲು ಬರೆಯುತ್ತಿದ್ದ ಕೃಷ್ಣರಾಜ ಮೊದಲ ಭಾನುವಾರವೇ, ಸೂರ್ಯ ಮುಳುಗುವುದಕ್ಕೆ ಕವಿಗೆ ಮೂರು ಪದ್ಯ ಏಕೆ ಬೇಕಾಯಿತೆಂದು ಕೇಳಿದ. ರಾಯರು ತಿರುಗಿ ನೋಡಿದ ನೋಟಕ್ಕೆ ಅವನು ಮರುವಾರದಿಂದ ಮಹಡಿ ಹತ್ತಲಿಲ್ಲ. ಕಾಲೇಜಿನ ಹುಡುಗನೊಬ್ಬ ನಿಘಂಟನ್ನು ಹೊತ್ತು ತಂದು ಪದಪದಕ್ಕೂ ಹಾಳೆ ಮಗುಚುತ್ತಿದ್ದ; ಆರನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯದು ಅವನ ಕೈಬಿಟ್ಟು ಹೋಗಿರುತ್ತಿತ್ತು. ಇನ್ನೊಬ್ಬರು ಪ್ರತಿ ಪದ್ಯಕ್ಕೂ ‘ಭೇಷ್’ ಎನ್ನುತ್ತ, ಎಲ್ಲವೂ ಗೊತ್ತಿದ್ದವರಂತೆ ತಲೆದೂಗಿ, ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಮುದುಕಿ ಗೋದಾಬಾಯಿ ಮಾತ್ರ ಕದಲದೆ ಉಳಿದಿದ್ದರು. ಅವರದು ಪಾರಾಯಣದ ಲೆಕ್ಕ. ಅರ್ಥ ತಿಳಿದರೂ ತಿಳಿಯದಿದ್ದರೂ ಕಿವಿಗೆ ಬಿದ್ದಷ್ಟು ಪುಣ್ಯವೆಂದು ಕಣ್ಣುಮುಚ್ಚಿ ಕೂರುತ್ತಿದ್ದರು.

ಹೊಸಬರು ಬಂದಾಗಲೆಲ್ಲ ರಾಯರು ಉದ್ಯಾನದ ಸಂಧಿಯಿಂದ ಆರಂಭಿಸುತ್ತಿದ್ದರು. ಅದರಲ್ಲಿ ಹೂವು, ಹಕ್ಕಿ, ಜಲಕ್ರೀಡೆ, ಸರಸದ ಮಾತು ಎಲ್ಲವೂ ಇದ್ದವು. ಹೊಸ ನಾಲಗೆಗೆ ಹಿತವಾದ ಪದ್ಯಗಳು. ಉದ್ಯಾನ ಮುಗಿಯುವ ಹೊತ್ತಿಗೆ ಬಂದವರು ಕರಗಿಹೋಗುತ್ತಿದ್ದರು, ಬೇರೆಯವರು ಬರುತ್ತಿದ್ದರು, ಮತ್ತೆ ಉದ್ಯಾನ.

ಹೀಗೆ ಬಂದು ಕರಗದೆ ನಿಂತವಳು ಜಯಲಕ್ಷ್ಮೀ. ತಿರುವಲ್ಲಿಕ್ಕೇಣಿಯಲ್ಲೇ ಹುಟ್ಟಿ, ತಮಿಳು ಶಾಲೆಯಲ್ಲೇ ಓದಿ, ಅಲ್ಲಿಯೇ ಪಕ್ಕದ ಬೀದಿಗೆ ಸೊಸೆಯಾಗಿ ಹೋದವಳು. ಮನೆಯಲ್ಲಿ ಆಡುವ ಕನ್ನಡಕ್ಕೂ ತಮಿಳಿಗೂ ನಡುವೆ ಗೋಡೆಯಿರಲಿಲ್ಲ. ತಮಿಳು ವಾರಪತ್ರಿಕೆಗಳ ಧಾರಾವಾಹಿಗಳನ್ನು ಒಲೆಯ ಮುಂದೆ ನಿಂತೇ ಓದಿ ಮುಗಿಸುತ್ತಿದ್ದವಳಿಗೆ ಕಾವ್ಯದ ಮೊದಲ ಪದ್ಯ ಕಲ್ಲಿನಂತೆ ಕಂಡಿತು. ಎಲ್ಲಿ ಮುಟ್ಟಿದರೂ ಒಳಕ್ಕೆ ದಾರಿಯಿಲ್ಲ. ಆದರೂ ಅವಳು ಬಿಡಲಿಲ್ಲ. ಅತ್ತೆ ರಮಾಬಾಯಿ, ನಾದಿನಿಯರು, ಬಂದುಹೋಗುವ ನೆಂಟರು ತುಂಬಿದ ಆ ಮನೆಯಲ್ಲಿ ಅವಳದೆಂಬುದು ಭಾನುವಾರದ ಆ ಹೊತ್ತೊಂದೇ. ಗೋದಾಬಾಯಿಯವರ ಜೊತೆಗೆಂದು ಅತ್ತೆ ಒಪ್ಪಿ ಕಳುಹಿಸುತ್ತಿದ್ದರು; ಇನ್ನಾವ ದಿನ, ಇನ್ನಾವ ಹೊತ್ತಿಗೂ ಆ ಒಪ್ಪಿಗೆ ಸಿಕ್ಕುವಂತಿರಲಿಲ್ಲ. ಮೂರು ವರ್ಷಗಳಲ್ಲಿ ಉದ್ಯಾನದ ಸಂಧಿ ಅವಳಿಗೆ ಉಸಿರಿನಷ್ಟು ಸಲೀಸಾಯಿತು. ಓದಲು ಕುಳಿತರೆ ಬಸ್ಸಿನ ಸದ್ದೂ ಮರೆತು ಹೋಗುವಂತೆ ಹೇಳುತ್ತಿದ್ದಳು.

೧೯೫೯ರ ಬೇಸಿಗೆಯಲ್ಲಿ ರಾಯರ ಕಣ್ಣುಗಳಿಗೆ ಪೊರೆ ಬಲಿಯಿತು. ಇನ್ನು ಪುಸ್ತಕ ಹಿಡಿಯಕೂಡದೆಂದು ವೈದ್ಯರು ಹೇಳಿದರು. ಪೀಠದ ಮುಂದೆ ಇನ್ನೊಬ್ಬರು ಕೂರಬೇಕಾಯಿತು, ಮತ್ತು ಅದನ್ನು ಬಯಸಿದವರು ಇಬ್ಬರು. ಒಬ್ಬಳು ಜಯಲಕ್ಷ್ಮೀ. ಇನ್ನೊಬ್ಬ ಸದಾನಂದ, ವಿಮಾ ಕಚೇರಿಯಲ್ಲಿ ಕೆಲಸ, ಖಾಸಗಿಯಾಗಿ ಕಟ್ಟಿ ಪಾಸು ಮಾಡಿದ ಎಂ.ಎ. ಆತ ಕೆಟ್ಟವನಲ್ಲ. ಹೊಸ ಓದುಗರು ನಿಲ್ಲಬೇಕಾದರೆ ಹೊತ್ತು ಬದಲಾಗಬೇಕು, ಭಾನುವಾರ ಮಧ್ಯಾಹ್ನ ಎಲ್ಲರೂ ನಿದ್ದೆ ಹೋಗುತ್ತಾರೆ, ಕಚೇರಿ ಬಿಟ್ಟವರು ಬರುವಂತೆ ಬುಧವಾರ ಸಂಜೆ ಏಳಕ್ಕೆ ಇಡೋಣ ಎಂದು ಎಲ್ಲರೆದುರೇ ಹೇಳಿದ್ದ. ಪೀಠ ತನಗೆ ಬಂದರೆ ಮಾಡುವ ಮೊದಲ ಕೆಲಸ ಅದೇ ಎಂದೂ ಹೇಳಿದ್ದ. ಸಂಜೆ ಏಳಕ್ಕೆ ಜಯಲಕ್ಷ್ಮೀ ಎಲ್ಲಿರುತ್ತಾಳೆಂಬುದು ಅವನ ಲೆಕ್ಕದಲ್ಲಿರಲಿಲ್ಲ. ಅವಳು ಒಲೆಯ ಮುಂದಿರುತ್ತಾಳೆ. ಪೀಠ ಅವನ ಪಾಲಾದ ದಿನ ಅವಳ ಓದು ಮುಗಿಯುತ್ತದೆ.

ಆಯ್ಕೆಗೆ ರಾಯರು ತಮ್ಮ ಗುರುಗಳ ಕಾಲದ ಪದ್ಧತಿಯನ್ನೇ ಗೊತ್ತುಮಾಡಿದರು. ಓದುವವರು ಕಣ್ಣುಮುಚ್ಚಿ ಗ್ರಂಥವನ್ನು ಬಿಡಿಸಿ, ತೆರೆದುಕೊಂಡ ಕಡೆ ತುಳಸಿಯ ಕುಡಿಯೊಂದನ್ನು ಇಡಬೇಕು. ತುಳಸಿ ಬಿದ್ದ ಪುಟವನ್ನು ಓದಿ, ಅರ್ಥ ಬಿಡಿಸಬೇಕು. ಕಿರಿಯರೇ ಮೊದಲು ಓದಬೇಕು; ಒಬ್ಬರು ಓದಿದ ಪುಟವನ್ನು ಇನ್ನೊಬ್ಬರು ಓದುವಂತಿಲ್ಲ. ಕೇಳಿದ ಮೇಲೆ ರಾಯರು ಯಾರ ಮುಂದೆ ಪೀಠವನ್ನು ಸರಿಸಿಡುವರೋ ಅವರದು ಸ್ಥಾನ. ಸದಾನಂದ ಹೊಸದೊಂದು ಪ್ರತಿಯನ್ನು ತರುತ್ತೇನೆಂದಾಗ ರಾಯರು ಒಪ್ಪಲಿಲ್ಲ. ತಮ್ಮ ಪ್ರತಿಯೇ ಆಗಬೇಕೆಂದರು. ಹಿಂದಿನ ವಾರ ಆ ಪ್ರತಿಯನ್ನು ಜಯಲಕ್ಷ್ಮಿಯ ಕೈಗಿತ್ತು, ಮನೆಯಲ್ಲಿಟ್ಟುಕೊಂಡು ಅಭ್ಯಾಸ ಮಾಡಮ್ಮ ಎಂದರು.

ಪಾತ್ರೆಗಳ ಸದ್ದಡಗಿದ ಒಂದು ಮಧ್ಯಾಹ್ನ ಅವಳು ಕೋಣೆಯಲ್ಲಿ ಕುಳಿತು, ಕಣ್ಣುಮುಚ್ಚಿ ಪುಸ್ತಕವನ್ನು ಬಿಡಿಸಿದಳು. ಉದ್ಯಾನದ ಸಂಧಿ. ನಕ್ಕು ಮುಚ್ಚಿ ಮತ್ತೆ ಬಿಡಿಸಿದಳು. ಉದ್ಯಾನ. ಮೂರನೆಯ ಸಲವೂ ಅದೇ ಹಾಳೆಗಳು ಎರಡೂ ಬದಿಗೆ ಹಿತವಾಗಿ ಒರಗಿದಾಗ ಅವಳಿಗೆ ನಗು ಬರಲಿಲ್ಲ. ಬೆನ್ನಿನ ಹೊಲಿಗೆ ಅಲ್ಲಿ ಸಡಿಲಿ ಹೋಗಿತ್ತು. ವರ್ಷವರ್ಷವೂ ಹೊಸಬರಿಗಾಗಿ ಅಲ್ಲಿಯೇ ತೆರೆದು ತೆರೆದು, ಪುಸ್ತಕ ಬೇರೆ ಕಡೆ ತೆರೆಯುವುದನ್ನೇ ಮರೆತಿತ್ತು. ಹಿಂದಿನ ಅರ್ಧದಲ್ಲಿ ಹಾಳೆಗಳು ಸಮುದ್ರದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಕಿರಿಯರೇ ಮೊದಲು ಓದಬೇಕೆಂದು ರಾಯರು ಗೊತ್ತುಮಾಡಿದ್ದೇಕೆಂಬುದೂ ಆಗ ಅವಳಿಗೆ ಹೊಳೆಯಿತು. ಮೊದಲು ಕುಳಿತವರಿಗೆ ಉದ್ಯಾನ ಸಿಕ್ಕೇ ಸಿಕ್ಕುತ್ತದೆ.

ಅವಳು ಎಂದೂ ನೋಡದ ಒಂದು ಪುಟವನ್ನು ತೆರೆದು ಓದಲು ಕುಳಿತಳು. ಒಂದು ಪದ್ಯ. ಎರಡನೆಯ ಸಾಲಿಗೇ ನಿಂತುಹೋಯಿತು. ಹಿಂದಕ್ಕೆ ಹೋದಳು, ಮತ್ತೆ ಅಲ್ಲಿಯೇ ನಿಂತಳು. ಮೂರು ವರ್ಷ ಓದಿದ್ದೆಂದು ತಾನು ತಿಳಿದಿದ್ದದ್ದು ಓದೇ ಅಲ್ಲ, ರಾಯರ ದನಿ ಎಂಬುದು ಬೆವರಿನ ಜೊತೆ ಅವಳ ಮೈಮೇಲೆ ಇಳಿಯಿತು.

ಸಂಜೆ ಬಂದರಿನ ಕಚೇರಿಯಿಂದ ಬಂದ ಗಂಡ ಹರಿದಾಸ ಕಾಫಿಯ ಲೋಟ ಹಿಡಿದು ಎಲ್ಲವನ್ನೂ ಕೇಳಿದ.

“ಬರೋ ಪಾಠಾನೇ ಪರೀಕ್ಷೇಲಿ ಬಂದ್ರೆ ಯಾರಾದ್ರೂ ಅಳ್ತಾರೇನೇ? ನನ್ನ ಹಣೇಲಿ ಒಂದು ಸಲಾನೂ ಹಾಗೆ ಬರೀಲಿಲ್ಲ.”

“ಸುಮ್ಮಾ ಇರಿ ನೀವು. ಇದು ತಮಾಷೆ ಅಲ್ಲ.”

“ಶರಿ, ತಮಾಷೆ ಬೇಡ. ನೀನು ಮೊದಲು ಓದಿದ್ರೆ ಪೀಠ ನಿಂದು. ಓದ್ದೇ ಇದ್ರೆ ಬುಧವಾರ ಏಳು ಗಂಟೆ. ಅಮ್ಮ ಕಳಿಸೋದಿಲ್ಲ, ಅದು ನಿಂಗೂ ಗೊತ್ತು ನಂಗೂ ಗೊತ್ತು. ರಾಯರು ದೊಡ್ಡವರು, ಏನೋ ಯೋಚನೆ ಮಾಡೇ ಮಾಡಿರ್ತಾರೆ.”

“ಅದೇ ಕಷ್ಟ. ಯೋಚನೆ ಮಾಡೇ ಮಾಡಿದಾರೆ.”

ಜಯಲಕ್ಷ್ಮೀ ಒಳಗೇ ತೂಗಿ ನೋಡಿದಳು. ವಿಷಯವನ್ನು ಹೊರಗೆಡಹಿದರೆ ಇಡೀ ಊರು ತಲೆಬಾಗುವ ಮುದುಕನ ತಲೆ ತಗ್ಗುತ್ತದೆ. ನುಂಗಿಕೊಂಡು ಕುಳಿತರೆ ಆ ಪೀಠದ ಮುಂದೆ ಪ್ರತಿ ಭಾನುವಾರವೂ ಉದ್ಯಾನದಾಚೆಗೆ ಹೆಜ್ಜೆಯಿಡಲಾರದ ತಾನು ಕುಳಿತಿರಬೇಕಾಗುತ್ತದೆ. ಎರಡರ ನಡುವೆ ಅವಳು ಆ ವಾರವನ್ನು ಕಳೆದಳು.

ಭಾನುವಾರ ಮಹಡಿ ತುಂಬಿತ್ತು. ಕಿಟ್ಟಣ್ಣನವರೇ ಗಲ್ಲಾ ಬಿಟ್ಟು ಮೇಲೆ ಬಂದು ಬಾಗಿಲ ಬಳಿ ಕುಳಿತಿದ್ದರು. ರಾಯರು ಕಪ್ಪು ಕನ್ನಡಕದ ಹಿಂದೆ ಎಂದಿನಂತೆ ನೆಟ್ಟಗೆ ಕುಳಿತು, ಪೀಠದ ಮೇಲೆ ಗ್ರಂಥವನ್ನಿರಿಸಿ, ಬೆಳ್ಳಿಯ ಬಟ್ಟಲಿನಲ್ಲಿ ತುಳಸಿಯನ್ನಿಟ್ಟು, ಜಯಲಕ್ಷ್ಮಿಯ ಹೆಸರನ್ನು ಹೇಳಿದರು.

ಅವಳು ಏಳಲಿಲ್ಲ.

“ರಾಯರೇ, ಒಂದು ಕೇಳ್ಕೋತೀನಿ. ಸದಾನಂದರಾಯರು ನನಗಿಂತ ದೊಡ್ಡವರು. ಮೊದಲು ಅವರೇ ಓದಲಿ.”

ರಾಯರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮೊಣಕಾಲಿನ ಮೇಲಿದ್ದ ಕೈ ಮಾತ್ರ ಮುಷ್ಟಿಯಾಯಿತು. “ಕ್ರಮ ಗೊತ್ತುಮಾಡಿ ಆಗಿದೆಯಮ್ಮ,” ಎಂದರು.

“ಅದರಲ್ಲಿ ಎಂತ ಉಂಟು ರಾಯ್ರೇ,” ಎಂದರು ಕಿಟ್ಟಣ್ಣ ಬಾಗಿಲಿಂದ. “ದೊಡ್ಡವರಿಗೆ ಮೊದಲ ಎಲೆ ಅಂತ ಮರ್ಯಾದಿ ಮಾಡ್ತಾ ಇದ್ದಾರೆ. ನಮ್ಮ ಹೋಟೆಲಲ್ಲಿ ಅಂಥ ಗಿರಾಕಿ ಬಂದದ್ದೇ ಇಲ್ಲ.”

ಜನ ನಕ್ಕರು. ರಾಯರಿಗೆ ಬೇರೆ ದಾರಿ ಉಳಿಯಲಿಲ್ಲ. ಸದಾನಂದ ಎದ್ದು ಬಂದು, ಅವಳಿಗೊಂದು ನಮಸ್ಕಾರ ಮಾಡಿ, ಕಣ್ಣುಮುಚ್ಚಿ ಗ್ರಂಥವನ್ನು ಬಿಡಿಸಿ ತುಳಸಿಯನ್ನಿಟ್ಟ. ಉದ್ಯಾನದ ಸಂಧಿ. ಅದೂ ಅರಸ ಅರಸಿಯರ ಜಲಕ್ರೀಡೆಯ ಭಾಗ. ಅವನ ಮುಖ ಬೆಳಗಿತು. ಮಹಡಿಯಲ್ಲಿ ಎಷ್ಟೋ ಸಲ ಕೇಳಿದ್ದ ಪದ್ಯಗಳನ್ನು ಅವನು ಕಾಲೇಜಿನ ಗಾಂಭೀರ್ಯದಿಂದ ಓದಿ, ರಸವಾವುದು ಅಲಂಕಾರವಾವುದು ಎಂದು ವಿಂಗಡಿಸಿ, ಒಂದು ಪದಕ್ಕೂ ತಡವರಿಸದೆ ಅರ್ಥವನ್ನು ಹೇಳಿದ. ‘ಭೇಷ್’ ಎನ್ನುವವರು ಎರಡು ಸಲ ‘ಭೇಷ್’ ಎಂದರು. ಜಯಲಕ್ಷ್ಮೀ ತನ್ನ ಪದ್ಯಗಳು ಇನ್ನೊಬ್ಬರ ಬಾಯಲ್ಲಿ ಸಾಗಿ ಹೋಗುವುದನ್ನು ತಲೆತಗ್ಗಿಸಿ ಕೇಳಿದಳು.

ಅವಳ ಸರದಿ ಬಂತು. ಕಣ್ಣುಮುಚ್ಚಿ ಬಿಡಿಸಿದಳು; ಕಣ್ಣು ತೆರೆದಾಗ ಉದ್ಯಾನ. ಓದಿಯಾದ ಪುಟ ಕೂಡದು, ಮತ್ತೆ ಬಿಡಿಸಿದಳು. ಉದ್ಯಾನ. ಜನರ ನಡುವೆ ನಗು ಹಬ್ಬಿತು. ಗೋದಾಬಾಯಿಯವರು, ಅರಸನಿಗೆ ನೀರು ಬಿಟ್ಟು ಏಳಲು ಮನಸ್ಸಿಲ್ಲವೆಂದು ಕಾಣುತ್ತದೆ ಅಂದರು. ಮೂರನೆಯ ಸಲವೂ ಅದೇ ಹಾಳೆಗಳು ಬಿಚ್ಚಿಕೊಂಡಾಗ ನಗು ತಾನಾಗಿ ನಿಂತಿತು. ಸದಾನಂದ ಮುಂದಕ್ಕೆ ಬಾಗಿ ಗ್ರಂಥವನ್ನು ಎತ್ತಿಕೊಂಡು, ಅದರ ಬೆನ್ನನ್ನು ಬೆಳಕಿಗೆ ಹಿಡಿದು ನೋಡಿದ.

“ರಾಯರೇ, ಇಲ್ಲಿ ಹೊಲಿಗೆ ಬಿಟ್ಟಿದೆ. ಯಾರು ತೆಗೆದರೂ ಇಲ್ಲಿಯೇ ತೆರೆಯುತ್ತದೆ. ಇದು ತಮಗೆ ತಿಳಿದಿತ್ತೆ?”

ರಾಯರು ಉತ್ತರಿಸಲಿಲ್ಲ. ಎಲ್ಲರ ಕಣ್ಣುಗಳೂ ರಾಯರಿಂದ ಸರಿದು ಜಯಲಕ್ಷ್ಮಿಯ ಮೇಲೆ ಬಂದು ನಿಂತವು.

“ಒಂದು ವಾರ ಪುಸ್ತಕ ಇದ್ದದ್ದು ಇವರ ಮನೆಯಲ್ಲಿ,” ಎಂದ ಸದಾನಂದ ಮೆಲ್ಲಗೆ.

“ಇತ್ತು ಮಾರಾಯ್ರೇ,” ಎಂದರು ಕಿಟ್ಟಣ್ಣ. “ಹಾಗಿದ್ದೂ ಮೊದಲು ಕೂತ್ಕೊಳ್ಳದೆ ಆ ಪುಟ ನಿಮ್ಗೆ ಬಿಟ್ಟುಕೊಟ್ಟದ್ದು ಯಾರು?”

ರಾಯರು ಆಗ, ಇವತ್ತಿಗೆ ಸಾಕು, ಮುಂದಿನ ವಾರ ಬೇರೆ ಪ್ರತಿ ತರಿಸಿ ನೋಡೋಣ ಎಂದರು. ಅವರ ದನಿಯಲ್ಲಿದ್ದ ಬಿರುಕನ್ನು ಜಯಲಕ್ಷ್ಮೀ ಮೊದಲ ಬಾರಿಗೆ ಕೇಳಿದಳು. ಒಂದು ವಾರದ ಬಿಡುವು. ಯಾರನ್ನಾದರೂ ಕೇಳಿ ಇನ್ನೊಂದಷ್ಟನ್ನು ಬಾಯಿಪಾಠ ಮಾಡಬಹುದು. ಅವಳು ಗ್ರಂಥವನ್ನು ಸದಾನಂದನ ಕೈಯಿಂದ ತೆಗೆದುಕೊಂಡಳು.

“ಬೇಡ ರಾಯರೇ. ಇವತ್ತೇ ಆಗ್ಲಿ.”

ಕಣ್ಣು ತೆರೆದುಕೊಂಡೇ ಅವಳು ಪುಸ್ತಕದ ಹಿಂದಿನ ಅರ್ಧಕ್ಕೆ ಕೈಹಾಕಿದಳು. ಅಂಟಿಕೊಂಡ ಹಾಳೆಗಳ ನಡುವೆ ಮುಡಿಯ ಪಿನ್ನನ್ನು ತೂರಿಸಿ, ಹರಿಯದಂತೆ ಬಿಡಿಸಿ, ಅಲ್ಲಿ ತುಳಸಿಯ ಕುಡಿಯನ್ನಿಟ್ಟಳು.

“ಈ ಪುಟ ನಾನು ನೋಡಿಲ್ಲ. ಕೇಳೂ ಇಲ್ಲ. ಮೊದಲು ಸುಮ್ನೆ ಓದ್ತೀನಿ, ರಾಗ ಇಲ್ಲ, ಅರ್ಥ ಇಲ್ಲ. ತಪ್ಪಿದ್ರೆ ತಿದ್ದಬೇಡಿ.”

ಓದಿದಳು. ಎಡವಿದಳು; ಪದವನ್ನು ಎಲ್ಲಿ ಮುರಿಯಬೇಕೆಂದು ತಿಳಿಯದೆ ಸಾಲಿನ ನಡುವೆ ಉಸಿರು ಸಿಕ್ಕಿಕೊಂಡಿತು. ಹಿಂದಿನ ಸಾಲಿನಲ್ಲಿ ‘ಅಯ್ಯೋ ಪಾವಂ’ ಎಂದು ಯಾರೋ ತಮಿಳಿನಲ್ಲಿ ಮರುಗಿದ್ದು ಕಿವಿಗೆ ಬಿತ್ತು. ಮನೆಯಲ್ಲಿ ನಿಂತುಹೋದಂತೆ ಇಲ್ಲಿಯೂ ಎರಡನೆಯ ಸಾಲಿಗೆ ನಿಂತಳು. ಆದರೆ ಈ ಸಲ ಹಿಂದಕ್ಕೆ ಹೋಗಲಿಲ್ಲ. ತಿಳಿಯದ್ದನ್ನು ತಿಳಿಯದಂತೆಯೇ ಬಿಟ್ಟು, ಧಾರಾವಾಹಿಯ ಕಂತನ್ನು ಓದುವವಳಂತೆ ಪುಟದ ಕೊನೆಯವರೆಗೆ ನಡೆದಳು. ಕೈಗೆ ಸಿಕ್ಕಿದ್ದು ಇಷ್ಟು: ಮುತ್ತಿಗೆ ಬಿದ್ದ ಪಟ್ಟಣ, ಇರುಳು, ಅರಮನೆಯ ಮಲಗುವ ಕೋಣೆ, ಉರಿಯುವ ದೀಪ. ಅರಸಿ ಬರುತ್ತಾಳೆ. ಮಂಚದ ಬಳಿ ನಿಂತು ವೀಳ್ಯ ನೀಡುತ್ತಾಳೆ, ಮುನಿಸೇಕೆಂದು ಕೇಳುತ್ತಾಳೆ, ಕೆಣಕುತ್ತಾಳೆ, ಗಟ್ಟಿಯಾಗಿ ನಗುತ್ತಾಳೆ.

“ಶೃಂಗಾರ,” ಎಂದ ಸದಾನಂದ ತನಗೆ ತಾನೇ ಹೇಳಿಕೊಂಡಂತೆ. ಹತ್ತಿರದವರು ತಲೆದೂಗಿದರು.

ಸುಲಭದ ದಾರಿ ಅವಳ ಮುಂದೆ ತೆರೆದಿತ್ತು. ಉದ್ಯಾನದ ಸಂಧಿಗೆ ರಾಯರು ಹೇಳಿದ ಅರ್ಥದ ಮಾತುಗಳೆಲ್ಲ ಅವಳ ಬಾಯಲ್ಲಿದ್ದವು. ಅವನ್ನೇ ಇಲ್ಲಿ ಪೋಣಿಸಿದರೆ ಬಿಟ್ಟುಹೋದ ಪದಗಳೂ ಮುಚ್ಚಿಹೋಗುತ್ತವೆ. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಉದ್ಯಾನದಲ್ಲಿ ಅರಸಿ ಒಂದು ಮಾತಾಡಿದರೆ ಅರಸ ಎರಡು ಮಾತಾಡುತ್ತಿದ್ದ. ಇಲ್ಲಿ ಏನೋ ಖಾಲಿಯಿತ್ತು. ಅವಳು ರಾಯರತ್ತ ನೋಡಿದಳು. ಕಪ್ಪು ಗಾಜಿನ ಹಿಂದೆ ಏನಿದೆಯೋ ಕಾಣಲಿಲ್ಲ. ಕುತ್ತಿಗೆ ಮಾತ್ರ ಮುಂದಕ್ಕೆ ಚಾಚಿತ್ತು.

“ಇನ್ನೊಂದು ಸಲ ಓದ್ತೀನಿ,” ಎಂದಳು.

ಈ ಸಲ ಓದು ನಿಧಾನವಾಗಿತ್ತು. ಮೊದಲ ಪದ್ಯದಲ್ಲಿ ಬಾಗಿಲಾಚೆ ಕಾವಲಿನವರು ನಿಂತಿದ್ದಾರೆ. ಹಿಂದೆ ಓದಿದಾಗ ಅವರನ್ನು ದಾಟಿ ಬಂದಿದ್ದಳು. ಎರಡನೆಯದರಲ್ಲಿ ಅರಸಿ ದನಿಯೆತ್ತಿ ಕೇಳುತ್ತಾಳೆ. ಪಕ್ಕದಲ್ಲಿರುವವನೊಡನೆ ದನಿಯೆತ್ತಿ ಮಾತಾಡುವವರುಂಟೆ? ಮೂರನೆಯದರಲ್ಲಿ ನೀಡಿದ ವೀಳ್ಯ ನಾಲ್ಕನೆಯದರಲ್ಲಿಯೂ ತಟ್ಟೆಯಲ್ಲಿಯೇ ಇದೆ, ಬಾಡಿದೆ. ಹಾಸಿನ ಮೇಲೆ ಒಂದು ಸುಕ್ಕೂ ಇಲ್ಲವೆನ್ನುತ್ತಾನೆ ಕವಿ. ಮೊದಲ ಸಲ ಅದನ್ನು ಹಾಸಿಗೆಯ ಚೆಲುವಿನ ವರ್ಣನೆ ಎಂದುಕೊಂಡಿದ್ದಳು. ಅವಳ ಬೆರಳು ಆ ಸಾಲಿನ ಮೇಲೆ ನಿಂತಿತು.

“ಅರಸ ಅಲ್ಲಿಲ್ಲ.”

ಬೆರಳನ್ನು ಆ ಸಾಲಿನ ಮೇಲೆಯೇ ಇಟ್ಟುಕೊಂಡು ಅವಳು ಮುಂದುವರಿದಳು.

“ಮಂಚದ ಮೇಲೆ ಯಾರೂ ಇಲ್ಲ. ಒಂದು ಮಾತಿಗೂ ಉತ್ತರ ಬರ್ತಿಲ್ಲ, ನೋಡಿ. ಆತ ಊರು ಬಿಟ್ಟು ಹೋದನೋ, ಸತ್ತೇ ಹೋದನೋ, ಅದು ನಂಗೆ ಗೊತ್ತಿಲ್ಲ. ಒಳಗೇ ಇದಾನೆ ಅಂತ ಕಾವಲಿನವರು ನಂಬಬೇಕು. ನಂಬದಿದ್ರೆ ಬೆಳಗಾಗೋ ಮುಂಚೆ ಕೋಟೆ ಬಾಗಿಲು ತೆಗೆದುಬಿಡ್ತಾರೆ. ಅದಕ್ಕೇ ಒಬ್ಬಳೇ ನಗ್ತಿದಾಳೆ.”

ಗೋದಾಬಾಯಿಯವರ ಕಣ್ಣುಗಳು ತೆರೆದಿದ್ದವು. ಇಷ್ಟು ವರ್ಷಗಳಲ್ಲಿ ಓದಿನ ನಡುವೆ ಅವು ತೆರೆದದ್ದನ್ನು ಜಯಲಕ್ಷ್ಮೀ ಕಂಡಿರಲಿಲ್ಲ. ಸದಾನಂದ ಹತ್ತಿರಕ್ಕೆ ಸರಿದು ಬಂದು, ಅವಳ ಬೆರಳಿದ್ದ ಕಡೆಯಿಂದ ತಾನೂ ಓದಿದ, ಮತ್ತೊಮ್ಮೆ ಓದಿದ. ಶೃಂಗಾರವೆಂಬ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಅವಳು ಪದ್ಯ ಪದ್ಯವಾಗಿ ಅರ್ಥ ಹೇಳುತ್ತ ಬಂದಳು. ಕೊನೆಯ ಪದ್ಯದಲ್ಲಿ ಎರಡು ಪದಗಳನ್ನು ಬಿಟ್ಟು ಮುಂದೆ ಸಾಗಿ, ಮುಗಿಸಿ, ಗ್ರಂಥವನ್ನು ಪೀಠದ ಮೇಲಿಟ್ಟಳು.

“ಕೊನೆಯ ಪದ್ಯದಲ್ಲಿ ಎರಡು ಪದ ದಾಟಿದೆ,” ಎಂದರು ರಾಯರು.

ಪುಸ್ತಕ ಕಾಣದ ಆ ಕಣ್ಣುಗಳಿಗೆ ಪುಟ ಪೂರ್ತಿಯಾಗಿ ಗೊತ್ತಿತ್ತು. ‘ತಿಳಿಯದು’ ಎಂದರೆ ಜಯಲಕ್ಷ್ಮೀ ನಿಯಮದಂತೆ ಎದ್ದು ಹೋಗಬೇಕು. ಆಮೇಲೆ ಬುಧವಾರ ಸಂಜೆ ಏಳು ಗಂಟೆ.

“ತಿಳೀಲಿಲ್ಲ ರಾಯರೇ.”

“ಸಂದರ್ಭ ಹಿಡಿದು ಊಹೆ ಮಾಡಿ ಹೇಳಬಹುದಾಗಿತ್ತು.”

“ಹೇಳಬಹುದಾಗಿತ್ತು. ಪೀಠದ ಮುಂದೆ ಕೂತು ಹೇಳಿದ್ರೆ ಇವರೆಲ್ಲ ಅದನ್ನೇ ನಂಬ್ತಿದ್ರು.”

ಸದಾನಂದ ಗಂಟಲು ಸರಿಮಾಡಿಕೊಂಡ. ಓದು ಚೆನ್ನಾಗಿತ್ತು, ಅದನ್ನು ತಾನು ಅಲ್ಲಗಳೆಯುವುದಿಲ್ಲ. ಆದರೆ ನಿಯಮ ಎಲ್ಲರಿಗೂ ಒಂದೇ, ಇದೇ ಮಾತಿಗೆ ಎಷ್ಟೋ ಜನ ಈ ಮಹಡಿಯಿಂದ ಇಳಿದು ಹೋಗಿದ್ದಾರೆ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಜಯಲಕ್ಷ್ಮೀ ಸೆರಗನ್ನು ಸರಿಪಡಿಸಿಕೊಂಡು ಏಳಲು ಕೈಯೂರಿದಳು.

“ಕೂತ್ಕೋ,” ಎಂದರು ರಾಯರು.

ಅವರು ಕನ್ನಡಕವನ್ನು ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತ ಕುಳಿತರು. ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ.

“ಸದಾನಂದ, ನೀವು ಆಗ ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಇದೆ. ಪುಸ್ತಕ ಎಲ್ಲಿ ತೆರೆಯುತ್ತೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ, ಪೀಠ ಇವಳಿಗೆ ಸಿಗಲಿ ಅಂತ, ಹೊಸ ಪ್ರತಿ ಬೇಡ ಅಂದೆ. ಇವಳಿಗೆ ಹೇಳಿರಲಿಲ್ಲ. ಇವಳೇ ಕಂಡುಕೊಂಡಿದಾಳೆ, ಕಂಡುಕೊಂಡು ನಿಮಗೆ ಬಿಟ್ಟುಕೊಟ್ಟಿದಾಳೆ.” ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಈ ಸಂಧಿ ನಾನು ಓದಿದ್ದು ನನ್ನ ಗುರುಗಳ ಹತ್ತಿರ. ಆಮೇಲೆ ಒಬ್ಬರನ್ನೂ ಇಲ್ಲಿಯವರೆಗೆ ಕರಕೊಂಡು ಬರೋಕೆ ನನ್ನ ಕೈಲಿ ಆಗ್ಲಿಲ್ಲ. ತಿಳಿಯದು ಅಂದವರನ್ನೆಲ್ಲ ಎಬ್ಬಿಸಿ ಕಳಿಸಿಬಿಟ್ಟೆ. ಉಳಿದವರು ಉದ್ಯಾನದಲ್ಲೇ ಉಳಿದರು.”

“ಹಾಗಾದರೆ ಆ ಎರಡು ಪದ?” ಎಂದು ಕೇಳಿದವರು ಗೋದಾಬಾಯಿ.

“ಒಂದಕ್ಕೆ ಅರ್ಥ ಹೇಳಬಲ್ಲೆ. ಇನ್ನೊಂದನ್ನ ನಮ್ಮ ಗುರುಗಳೂ ದಾಟಿಸಿದರು. ಕೇಳೋ ಧೈರ್ಯ ನನಗಾಗಲಿಲ್ಲ.”

ರಾಯರು ಎರಡು ಕೈಗಳಿಂದಲೂ ತಡವಿ ಪೀಠವನ್ನು ಹಿಡಿದರು. ಅದು ನೆಲಕ್ಕೆ ಉಜ್ಜಿ ಸದ್ದು ಮಾಡುತ್ತ ಜಯಲಕ್ಷ್ಮಿಯ ಮಂಡಿಯ ಬಳಿಗೆ ಬಂದು ನಿಂತಿತು. ಸದಾನಂದ ಆ ಸದ್ದನ್ನು ಕೊನೆಯವರೆಗೂ ಕೇಳಿ, ಎದ್ದು, ಹೆಗಲಮೇಲಿನ ವಸ್ತ್ರವನ್ನು ಕೊಡವಿದ. ಯಾರನ್ನೂ ನೋಡದೆ ಚಾಪೆಗಳ ನಡುವೆ ನಡೆದು ಹೋದ. ಬಾಗಿಲಲ್ಲಿ ಕಿಟ್ಟಣ್ಣನವರು ಕಾಲು ಮಡಿಸಿ ದಾರಿಬಿಟ್ಟರು. ಹೊಸ್ತಿಲ ಬಳಿ ಅವನ ಹೆಜ್ಜೆ ನಿಂತಿತು.

“ಅರಸ ಹಿಂತಿರುಗಿ ಬರುತ್ತಾನೆಯೆ?”

ಆ ಪ್ರಶ್ನೆ ರಾಯರಿಗೋ ಅವಳಿಗೋ ಸ್ಪಷ್ಟವಾಗಲಿಲ್ಲ.

“ನಂಗೊತ್ತಿಲ್ಲ,” ಎಂದಳು ಜಯಲಕ್ಷ್ಮೀ. “ಮುಂದಿನ ಹಾಳೆ ಅಂಟಿಕೊಂಡಿದೆ.”

“ಎಂ.ಎ.ಗೆ ಈ ಕಾವ್ಯ ನನಗೆ ಪಠ್ಯವಾಗಿತ್ತು,” ಎಂದ ಸದಾನಂದ. “ಪರೀಕ್ಷೆಗೆ ಉದ್ಯಾನದ ಸಂಧಿ ಮಾತ್ರ ಇಟ್ಟಿದ್ದರು.” ಅವನು ಮೆಟ್ಟಿಲಿಳಿಯಲಿಲ್ಲ. ಬಾಗಿಲ ಪಕ್ಕದ ಬರಿನೆಲದ ಮೇಲೆ, ಚಾಪೆಯೂ ಇಲ್ಲದ ಕಡೆ, ಬೆನ್ನನ್ನು ಗೋಡೆಗೆ ಆನಿಸಿ ಕುಳಿತ.

ಗೋದಾಬಾಯಿಯವರು ಮುಂದಕ್ಕೆ ಸರಿದು, ಹಾಗಾದರೆ ಇನ್ನು ಮೇಲೂ ಭಾನುವಾರವೇ ತಾನೆ ಎಂದು ಕೇಳಿದರು. ಭಾನುವಾರವೇ ಎಂದಳು ಜಯಲಕ್ಷ್ಮೀ. ಕೆಳಗಿನಿಂದ ತಿಂಡಿ ಸಿದ್ಧವೆಂದು ಕೂಗು ಬಂತು. ಕಿಟ್ಟಣ್ಣನವರು ಕೈಯಾಡಿಸಿ ಅದನ್ನು ಸುಮ್ಮನಾಗಿಸಿದರು.

ಅವಳು ಮುಡಿಯಿಂದ ಪಿನ್ನನ್ನು ತೆಗೆದು ಅಂಟಿದ ಹಾಳೆಗಳ ಸಂದಿಗೆ ತೂರಿಸಿದಳು. ಕಾಗದ ಒಂದೆಡೆ ಹರಿಯುವಂತೆ ಸದ್ದು ಮಾಡಿತು. ಕೈತಡೆದು, ಇನ್ನೊಂದು ಮೂಲೆಯಿಂದ ಬಿಡಿಸತೊಡಗಿದಳು.